ಮೂರು ಗೆರೆ, ಇಂಟು ಮಾರ್ಕು ಮತ್ತೆ ನಾನು ನಾಲ್ಕು ಸಲ ಬರೆದ ಹೆಲ್ಪ್ ಪೇಜು

ಒಂದು ಸಹಕಾರ ಸಂಘದ ವೆಬ್‌ಸೈಟಿಗೆ "ಬಳಸೋದು ಹೇಗೆ" ಅಂತ ಕನ್ನಡದಲ್ಲಿ ಬರ್ಕೊಡೋ ಕೆಲಸ ನನ್ ತಲೆಗೆ ಬಿದ್ದಾಗ ಎರಡು ದಿನದಲ್ಲಿ ಮುಗಿಸಿಬಿಡ್ತೀನಿ ಅಂದ್ಕೊಂಡಿದ್ದೆ. ಸದಸ್ಯರು ಲಾಗಿನ್ ಆಗ್ಬೇಕು, ಸಾಲದ ಬಾಕಿ ನೋಡ್ಬೇಕು, ಆಧಾರ್ ಕಾಪಿ ಅಪ್‌ಲೋಡ್ ಮಾಡ್ಬೇಕು, ಇಷ್ಟೇ. ಆದ್ರೆ ಅದು ಮುಗಿಯೋಕೆ ಎರಡೂವರೆ ತಿಂಗಳು ಹಿಡೀತು, ನಾಲ್ಕು ಸಲ ಬರೆದೆ.

ಮೊದಲನೇ ಸಲ ಬರ್ದಿದ್ದು "ಹೆಡರ್‌ನ ಬಲಭಾಗದ ನ್ಯಾವಿಗೇಶನ್ ಮೆನುವಿನಲ್ಲಿ ಡ್ರಾಪ್‌ಡೌನ್ ಆಯ್ಕೆ ಮಾಡಿ" ಅನ್ನೋ ತರ. ನಮ್ಮ ಆಫೀಸಲ್ಲಿ ಎಲ್ರಿಗೂ ಅರ್ಥ ಆಯ್ತು, ಆಗದೆ ಇರುತ್ತಾ, ನಾವೇ ತಾನೇ ಅದನ್ನ ಕಟ್ಟಿದ್ದು. ಸಂಘದವರು ಓದಿ "ಇದು ಕನ್ನಡ ಅಲ್ಲ ಸಾರ್" ಅಂದ್ರು. ಸರಿ ಅಂತ ನಿಘಂಟು ಹಿಡ್ಕೊಂಡು ಕೂತೆ, ಶಿರೋಭಾಗ, ಪಾರ್ಶ್ವಪಟ್ಟಿ, ಸಂಚರಣೆ, ಬಟನ್ನಿಗೆ ಗುಂಡಿ. ಗುಂಡಿ ಅಂದ್ರೆ ನಮ್ಮ ಕಡೆ ಒಂದೋ ಅಂಗೀದು, ಇಲ್ಲಾ ರಸ್ತೇದು! ಫೋನ್ ಮಾಡಿದ ಒಬ್ರು ಹಿರಿಯರು "ಗುಂಡಿ ಎಲ್ಲೈತೆ ಸ್ವಾಮಿ, ಇಲ್ಲಿ ಬಟನ್ ಒಂದೇ ಕಾಣ್ತೈತೆ" ಅಂದ್ರಂತೆ.

ಮೂರನೇದನ್ನ ನೆನೆಸ್ಕೊಂಡ್ರೆ ಈಗ್ಲೂ ನಾಚಿಕೆ ಆಗುತ್ತೆ. ಪೇಜನ್ನ ಮನೆಗೆ ಹೋಲಿಸಿದ್ದೆ. ಮೇಲ್ಗಡೆ ಪಟ್ಟಿ ಜಗಲಿ, ಮಧ್ಯದ್ದು ನಡುಮನೆ, ಕೆಳಗಡೆ ವಿಳಾಸ ಫೋನ್ ನಂಬರ್ ಇರೋದು ಹಿತ್ತಲು. ಬರೆಯೋವಾಗ ಭಾರಿ ಖುಷಿ ಆಗಿತ್ತು. ನಮ್ಮ ಅಮ್ಮಂಗೆ ಕೊಟ್ಟು ನೋಡಿದ್ರೆ, ಐದು ನಿಮಿಷ ಸ್ಕ್ರೀನ್ ಉಜ್ಜಿ "ಹಿತ್ತಲು ಅಂತ ಎಲ್ಲೂ ಬರ್ದಿಲ್ವಲ್ಲೋ" ಅಂದ್ರು. ಅವರು ಹುಡುಕ್ತಿದ್ದಿದ್ದು ಪದ, ನಾನು ಕೊಟ್ಟಿದ್ದು ಉಪಮೆ. ಅದನ್ನ ಅವತ್ತೇ ಡಿಲೀಟ್ ಮಾಡ್ದೆ.

ಆಮೇಲೆ ಮಾಡಿದ್ದೇ ಸರಿಯಾದ ಕೆಲಸ, ಮೊದಲೇ ಮಾಡ್ಬೇಕಿತ್ತು. ಸಂಘದ ಕೌಂಟರಿನಲ್ಲಿ ಫೋನ್ ಎತ್ತೋ ಹುಡುಗಿ ಪಕ್ಕ ಒಂದು ವಾರ ಕುರ್ಚಿ ಹಾಕ್ಕೊಂಡು ಕೂತು, ಅವಳು ಏನು ಹೇಳ್ತಾಳೆ, ಆ ಕಡೆಯವರು ಏನು ಕೇಳ್ತಾರೆ ಎಲ್ಲಾ ಬರ್ಕೊಂಡೆ. ನಾವು ಹ್ಯಾಂಬರ್ಗರ್ ಮೆನು ಅನ್ನೋದು ಅವಳ ಬಾಯಲ್ಲಿ "ಮೇಲ್ಗಡೆ ಮೂಲೇಲಿ ಮೂರು ಅಡ್ಡ ಗೆರೆ ಇದೆ ನೋಡಿ". (ಆ ಮೂರು ಗೆರೆ 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿಗೆ ನಾರ್ಮ್ ಕಾಕ್ಸ್ ಅನ್ನೋರು ಬರೆದಿದ್ದು, ಒಂದರ ಕೆಳಗೊಂದು ಇರೋ ಪಟ್ಟಿ ತರ ಕಾಣ್ಲಿ ಅಂತ, ಬರ್ಗರ್ ಅನ್ನೋ ಹೆಸರು ಅಂಟಿಕೊಂಡಿದ್ದು ಎಷ್ಟೋ ಆಮೇಲೆ.) ಕ್ಲೋಸ್ ಐಕಾನ್ "ಇಂಟು ಮಾರ್ಕು", ಚೆಕ್‌ಬಾಕ್ಸ್ "ಸಣ್ಣ ಚೌಕ, ಅದರೊಳಗೆ ರೈಟ್ ಮಾರ್ಕ್ ಬರ್ಬೇಕು", ರೇಡಿಯೋ ಬಟನ್ "ಸಣ್ಣ ರೌಂಡು, ಒಂದನ್ನ ಒತ್ತಿದ್ರೆ ಇನ್ನೊಂದು ಹೋಗುತ್ತೆ". ಪಾಪ್‌ಅಪ್‌ಗೆ ಅವಳು ಹೆಸರೇ ಇಟ್ಟಿರ್ಲಿಲ್ಲ, "ಈಗ ಮುಂದೆ ಒಂದು ಬಂದು ನಿಂತ್ಕೊಳುತ್ತೆ, ಅದನ್ನ ಓದಿ ಸರಿ ಅಂತ ಕೊಡಿ" ಅಷ್ಟೇ. ಡ್ರಾಪ್‌ಡೌನಿಗೆ "ಬಾಣದ ಗುರುತು ಒತ್ತಿ, ಪಟ್ಟಿ ಬಿಚ್ಕೊಳುತ್ತೆ, ನಿಮ್ಮೂರ ಹೆಸರು ಒತ್ತಿ". ಗಮನಿಸಿದ್ರೆ ಅವಳು ಯಾವ್ದನ್ನೂ ಇದು ಇಂಥದ್ದು ಅಂತ ಹೇಳ್ತಿರ್ಲಿಲ್ಲ, ಏನ್ ಕಾಣುತ್ತೆ, ಒತ್ತಿದ್ರೆ ಏನಾಗುತ್ತೆ ಅಂತ ಹೇಳ್ತಿದ್ಲು. ನಾನು ಮಾತ್ರ ಹೆಸರು ಇಡೋದ್ರಲ್ಲೇ ಒಂದೂವರೆ ತಿಂಗಳು ಕಳೆದಿದ್ದೆ.

ಬ್ರೆಡ್‌ಕ್ರಂಬ್ ಒಂದಕ್ಕೆ ಮಾತ್ರ ನನ್ನದೇ ಐಡಿಯಾ ಕೆಲಸ ಮಾಡ್ತು. ಪೇಜಿನ ಮೇಲ್ಗಡೆ ಮುಖಪುಟ, ಸಾಲ, ಬೆಳೆ ಸಾಲ ಅಂತ ಸಾಲಾಗಿ ಬರುತ್ತಲ್ಲ, ಅದು. ಕಾಡಲ್ಲಿ ಬ್ರೆಡ್ ಚೂರು ಉದುರಿಸ್ಕೊಂಡು ಹೋದ ಮಕ್ಕಳ ಜರ್ಮನ್ ಕಥೆಯಿಂದ ಬಂದ ಹೆಸರು, ನಮ್ಮವರಿಗೆ ಅದನ್ನ ವಿವರಿಸೋಕೆ ಹೋದ್ರೆ ಕಥೇನೇ ಹೇಳ್ಬೇಕು. ಆದ್ರೆ ಪಹಣಿ ತೆಗೆಯೋಕೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಅಂತ ಒಂದೊಂದೇ ಆರಿಸಿ ಸರ್ವೆ ನಂಬರಿಗೆ ಇಳಿದವರಿಗೆ "ಹೋಬಳಿ, ಗ್ರಾಮ ಇದ್ದಂಗೆ, ನೀವು ಯಾವುದರ ಒಳಗೆ ಇದ್ದೀರಿ ಅಂತ ತೋರ್ಸುತ್ತೆ" ಅಂದ್ರೆ ಸಾಕಾಯ್ತು.

ಎಡ ಬಲ ಅನ್ನೋದು ಇನ್ನೊಂದು ತಲೆನೋವು. ನಾನು ಬರೀತಿದ್ದಿದ್ದು ಲ್ಯಾಪ್‌ಟಾಪ್ ನೋಡ್ಕೊಂಡು, ಅದರಲ್ಲಿ ನೋಟೀಸುಗಳು ಬಲಗಡೆ ಕಾಲಮ್ಮಿನಲ್ಲಿರೋವು. ಮೊಬೈಲಿಗೆ ಬಂದ್ರೆ ಅಗಲ ಸಾಲದೆ ಆ ಕಾಲಮ್ ಉದುರಿ ಎಲ್ಲಾದಕ್ಕಿಂತ ಕೆಳಗೆ ಹೋಗಿ ಕೂರುತ್ತೆ, "ಬಲಗಡೆ ನೋಡಿ" ಅಂದ್ರೆ ಬಲಗಡೆ ಇರೋದು ಅವರ ಹೆಬ್ಬೆರಳು ಮಾತ್ರ. ಸರಿ "ಕೆಳಗೆ ಸ್ಕ್ರೋಲ್ ಮಾಡಿ" ಅಂತ ಬರ್ದೆ, ಅವರು ಬೆರಳನ್ನ ಕೆಳಗೆ ಎಳೆದ್ರು, ಪೇಜ್ ರಿಫ್ರೆಶ್ ಆಗಿ ಅರ್ಧ ತುಂಬಿದ ಫಾರಂ ಖಾಲಿ! ತಪ್ಪು ಅವರದಲ್ಲ, ಕೆಳಗಿನದು ಕಾಣ್ಬೇಕಂದ್ರೆ ಬೆರಳು ಮೇಲಕ್ಕೆ ಹೋಗ್ಬೇಕು ಅನ್ನೋದು ನಾವು ಅಭ್ಯಾಸ ಆಗಿ ಮರ್ತಿರೋ ವಿಷಯ. ಈಗ "ಪೇಜನ್ನ ಬೆರಳಿಂದ ಮೇಲಕ್ಕೆ ತಳ್ತಾ ಹೋಗಿ, ನೋಟೀಸುಗಳು ಅನ್ನೋ ದಪ್ಪ ಅಕ್ಷರ ಬರೋವರೆಗೂ" ಅಂತ ಇದೆ. ಉದ್ದ ಆಯ್ತು ಅಂತ ಡಿಸೈನರ್ ಮುಖ ಸಿಂಡರಿಸಿದ, ಇರ್ಲಿ.

ಇಷ್ಟೆಲ್ಲಾ ಆದ್ಮೇಲೆ ಒಬ್ರು ಕಣ್ಣು ಕಾಣದ ಮೇಷ್ಟ್ರು ಫೋನ್ ಮಾಡಿದ್ರು. ಬೈಲಿಲ್ಲ, ನಗ್ತಾ "ಹಸಿರು ಬಟನ್ ಒತ್ತಿ ಅಂತ ನನ್ ಫೋನು ಓದ್ತು, ನನಗೆ ಎಲ್ಲಾನೂ ಒಂದೇ ಬಣ್ಣ ಕಣ್ರೀ" ಅಂದ್ರು. ಅವರು ಕಂಪ್ಯೂಟರಲ್ಲಿ ಎನ್‌ವಿಡಿಎ ಅನ್ನೋ, ಸ್ಕ್ರೀನ್ ಮೇಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರ್ ಬಳಸೋರು, ಎಚ್ ಒತ್ತಿದ್ರೆ ಮುಂದಿನ ಹೆಡಿಂಗಿಗೆ, ಬಿ ಒತ್ತಿದ್ರೆ ಮುಂದಿನ ಬಟನ್ನಿಗೆ ಹಾರ್ತಾರೆ, ಅವರಿಗೆ ಮೂಲೆ, ಎಡ, ಬಲ ಇದ್ಯಾವ್ದೂ ಬೇಡ, ಬಟನ್ ಮೇಲೆ ಏನ್ ಬರ್ದಿದೆ ಅದು ಬೇಕು. ವೆಬ್‌ಸೈಟು ಅಂಗವಿಕಲರಿಗೂ ಬಳಸೋಕೆ ಆಗೋ ತರ ಇರ್ಲಿ ಅಂತ ಮಾಡಿರೋ 2008ರ ಡಬ್ಲ್ಯುಸಿಎಜಿ 2.0 ನಿಯಮದಲ್ಲಿ 1.3.3 ಅಂತ ಒಂದು ಇದೆ, ಬರೀ ಆಕಾರ, ಸೈಜು, ಜಾಗ ಇವನ್ನೇ ನಂಬ್ಕೊಂಡು ಸೂಚನೆ ಕೊಡ್ಬೇಡಿ ಅಂತ. ಓದಿದ್ದೆ, ಪರೀಕ್ಷೆಗೆ ಓದಿದಂಗೆ. ಆವತ್ತಿಂದ ಪ್ರತಿ ಸಾಲಲ್ಲೂ ಮೊದಲು ಬಟನ್ ಮೇಲಿನ ಅಕ್ಷರ, ಅದು ಹೇಗಿದೆಯೋ ಹಾಗೇ, ಆಮೇಲೆ ಬೇಕಾದ್ರೆ ಬಣ್ಣ, ಜಾಗ. "ಮುಂದುವರಿಸಿ ಅಂತ ಬರೆದಿರೋ ಬಟನ್ ಒತ್ತಿ (ಹಸಿರು, ಫಾರಂನ ಕೊನೇಲಿ)."

ಹೀಗೆ ಬರೀತಾ ಹೋದ್ರೆ ಪೇಜಿನ ಹುಳುಕು ತಾನಾಗೇ ಆಚೆ ಬಂತು. ಮೂರು ಗೆರೆ ಮೇಲೆ ಅಕ್ಷರಾನೇ ಇಲ್ಲ, ಮೇಷ್ಟ್ರ ಫೋನು ಅದನ್ನ ಬರೀ "ಬಟನ್" ಅಂತ ಓದ್ತಿತ್ತು. ಪಕ್ಕದಲ್ಲಿ ಮೆನು ಅಂತ ಎರಡಕ್ಷರ ಹಾಕ್ಸೋಕೆ ಮೂರು ಮೀಟಿಂಗ್ ಆಯ್ತು, ಆದ್ರೂ ಹಾಕ್ಸಿದ್ವಿ.

ಮೇಲ್ಗಡೆ ತಾನಾಗೇ ಬದಲಾಗ್ತಿರೋ ದೊಡ್ಡ ಫೋಟೋಗಳಿಗೆ ಮಾತ್ರ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ, ನಾವು ಕ್ಯಾರಸೆಲ್ ಅಂತೀವಿ. ಕೌಂಟರ್ ಹುಡುಗೀನ ಕೇಳ್ದೆ. "ಅದಾ? ಅಧ್ಯಕ್ಷರ ಫೋಟೋ ಹೋಗೋವರೆಗೂ ಕಾಯಿರಿ ಅಂತ ಹೇಳ್ತೀನಿ ಸಾರ್" ಅಂದ್ಲು.