ಬೆವರು ಆರುವವರೆಗೆ

ತಪ್ಪು ನನ್ನ ಹೆಬ್ಬೆರಳಿನದು. ಓಟದ ಗುಂಪಿನ ವಾಟ್ಸ್‌ಆ್ಯಪ್‌ನಲ್ಲಿ ‘ನಾಳೆ ಐದು ಗಂಟೆಗೆ ಫೈವ್ ಗಾರ್ಡನ್ಸ್‌ಗೆ ಓಡಲು ಬನ್ನಿ’ ಎಂದು ಬರೆಯಹೊರಟವನು ‘ಓದಲು ಬನ್ನಿ’ ಎಂದು ಕಳಿಸಿಬಿಟ್ಟಿದ್ದೆ. ಮುಂಬೈಯ ಮಾಟುಂಗಾದ ನಮ್ಮ ಗುಂಪಿನಲ್ಲಿ ಏಳೆಂಟು ಕನ್ನಡಿಗರಿದ್ದೇವೆ. ಉಳಿದವರು ನಗುವ ಮುಖ ಒತ್ತಿ ಮಲಗಿದರು. ಮಾಸ್ತರು ಮಾತ್ರ ಮರುದಿನ ನಿಜಕ್ಕೂ ಪುಸ್ತಕ ಹಿಡಿದು ಬಂದರು. ಹಿಂದೆ ಕನ್ನಡ ರಾತ್ರಿಶಾಲೆಯಲ್ಲಿ, ಹಗಲಿಡೀ ಹೋಟೆಲಿನಲ್ಲಿ ಲೋಟ ತೊಳೆದು ಬರುತ್ತಿದ್ದ ಹುಡುಗರಿಗೆ ಪಾಠ ಹೇಳಿದವರು ಅವರು. ಈಗ ಅರುವತ್ತೆಂಟು ವಯಸ್ಸು, ನನಗಿಂತ ಚೆನ್ನಾಗಿ ಓಡುತ್ತಾರೆ. “ಓದಲು ಕರೆದಿರಲ್ಲ ಮಾರಾಯರೇ, ಹಿಡಿಯಿರಿ” ಎಂದು ಯಶವಂತ ಚಿತ್ತಾಲರ ‘ಶಿಕಾರಿ’ ಕಾದಂಬರಿಯನ್ನು ಕೈಗಿತ್ತರು.

ಓದು ನನಗೆ ಒಗ್ಗಿದ್ದಲ್ಲ. ಮನೆಯಲ್ಲಿ ತುಳು, ಬೀದಿಯಲ್ಲಿ ಹಿಂದಿ, ಮರಾಠಿ. ನಾಲ್ಕನೆಯ ತರಗತಿಯವರೆಗೆ ಪಾಲಿಕೆಯ ಕನ್ನಡ ಶಾಲೆ, ಆಮೇಲೆ ಇಂಗ್ಲಿಷ್. ಹಾಗಾಗಿ ಕನ್ನಡ ಅಕ್ಷರ ಬರುತ್ತದೆ, ವೇಗ ಬರುವುದಿಲ್ಲ. ಒತ್ತಕ್ಷರ ಎದುರಾದಾಗಲೆಲ್ಲ ತುಟಿ ಅಲ್ಲಾಡುತ್ತದೆ. ಇದು ಹೊರಗೆ ಹೇಳಿಕೊಳ್ಳುವ ವಿಷಯವಲ್ಲವೆಂದು ನಲವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಓಟಕ್ಕೂ ನಾನು ಕುಣಿಯುತ್ತ ಬಂದವನಲ್ಲ. ರಕ್ತದ ಸಕ್ಕರೆ ಗಡಿಯಲ್ಲಿದೆ ಎಂದು ಡಾಕ್ಟರು ಹೇಳಿದ ಮೇಲೆ ಎರಡು ನಿಮಿಷ ಓಡುವುದು, ಒಂದು ನಿಮಿಷ ನಡೆಯುವುದು ಎಂದು ಶುರುಮಾಡಿದೆ. ಮೊದಲ ತಿಂಗಳು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ: ಏದುಸಿರು ಬಂದರಷ್ಟೇ ಓಟ ಎಂದುಕೊಂಡಿದ್ದೆ. ಪಕ್ಕದವರೊಡನೆ ಇಡೀ ವಾಕ್ಯ ಮಾತನಾಡಲು ಸಾಧ್ಯವಾಗುವಷ್ಟು ನಿಧಾನ ಓಡಬೇಕು ಎಂದು ಮಾಸ್ತರು ತಿದ್ದಿದರು. ಹಾಗೆ ಓಡಿದರೆ ನನಗೆ ಕಿಲೋಮೀಟರಿಗೆ ಎಂಟು ನಿಮಿಷ ಹಿಡಿಯುತ್ತದೆ. ಪಾರ್ಸಿ ಕಾಲೊನಿಯ ಅಜ್ಜಿಯೊಬ್ಬರು ನಾಯಿಯ ಸಮೇತ ನನ್ನನ್ನು ದಾಟಿ ಹೋದದ್ದುಂಟು. ಆದರೆ ಆ ವೇಗದಲ್ಲಿಯೇ ನಾಲ್ಕು ಕಿ.ಮೀ. ಎಂಟಾಯಿತು, ಎಂಟು ಹನ್ನೆರಡಾಯಿತು.

ಪುಸ್ತಕಕ್ಕೂ ಅದೇ ಸೂತ್ರ ಹಚ್ಚಿದೆ. ಓಟದ ಡೈರಿಯಲ್ಲಿ ಇನ್ನೊಂದು ಕಂಬಸಾಲು ಎಳೆದು ದಿನಕ್ಕೆ ಇಪ್ಪತ್ತು ಪುಟ ಎಂದು ಬರೆದೆ. ರಾತ್ರಿ ಊಟವಾದ ಮೇಲೆ ಹಾಸಿಗೆಯಲ್ಲಿ ತೆರೆದರೆ ಎರಡನೆಯ ಪುಟಕ್ಕೇ ಪುಸ್ತಕ ಮೂಗಿನ ಮೇಲೆ. ಲೋಕಲ್ ರೈಲಿನಲ್ಲಿ ಓದಿರಿ ಎಂದು ಸಲಹೆ ಕೊಡುವವರು ಬೆಳಿಗ್ಗೆ ಎಂಟೂವರೆಯ ಲೋಕಲ್ ಹತ್ತಿದವರಲ್ಲ. ಅಲ್ಲಿ ಮೊಣಕೈ ಮಡಿಸಲು ಜಾಗವಿದ್ದರೆ ಪುಣ್ಯ. ಮೂರು ವಾರದಲ್ಲಿ ಹನ್ನೊಂದು ಪುಟ ಓದಿದ್ದೆ. ಲೆಕ್ಕ ಇಟ್ಟಿದ್ದರಿಂದ ಸೋಲೂ ಲೆಕ್ಕಕ್ಕೆ ಸಿಕ್ಕಿತು, ಅಷ್ಟೆ.

ಆ ಹೊತ್ತಿಗೆ ಮುಂಗಾಲಿನ ಎಲುಬು ನೋಯತೊಡಗಿತು. ವಾರಕ್ಕೆ ಹದಿನೈದು ಕಿ.ಮೀ. ಓಡುತ್ತಿದ್ದವನು ಉತ್ಸಾಹದಲ್ಲಿ ಒಮ್ಮೆಲೇ ಇಪ್ಪತ್ತೆಂಟಕ್ಕೆ ಏರಿಸಿದ್ದೆ. ಅಷ್ಟು ಬೇಗ ಎಲುಬು ಗಟ್ಟಿಯಾಗುವುದಿಲ್ಲ. ನಾಲ್ಕು ವಾರ ಓಟ ಬಂದ್. ಈಗ ಓದು ಸಾಗೀತು ಎಂದು ಹೆಂಡತಿ ಅಂದುಕೊಂಡಳು, ನಾನೂ ಅಂದುಕೊಂಡೆ. ಕೈತುಂಬ ಸಮಯವಿದ್ದ ಆ ನಾಲ್ಕು ವಾರದಲ್ಲಿ ಒಂದೇ ಒಂದು ಪುಟ ತಿರುವಲಿಲ್ಲ. ಓಡದ ದೇಹ ಕುಳಿತಲ್ಲಿ ಕೂರುವುದಿಲ್ಲ. ಮೊಬೈಲು ಹಿಡಿಯುತ್ತದೆ, ಫ್ರಿಜ್ ತೆರೆಯುತ್ತದೆ, ಮತ್ತೆ ಮೊಬೈಲು ಹಿಡಿಯುತ್ತದೆ.

ಓದು ಕೂಡಿಬಂದದ್ದು ಓಟ ಮರಳಿ ಶುರುವಾದ ಮೇಲೆ, ಮೇ ತಿಂಗಳಿನಲ್ಲಿ. ಓಟ ಮುಗಿಸಿ ಮನೆಗೆ ಹೋದೊಡನೆ ಸ್ನಾನ ಮಾಡುವಂತಿಲ್ಲ, ಮುಂಬೈಯ ಮೇಯಲ್ಲಿ ಟವೆಲ್ಲಿನಿಂದ ಒರೆಸಿದರೂ ಮತ್ತೆ ಬೆವರುತ್ತದೆ. ಉದ್ಯಾನದ ಬೆಂಚಿನಲ್ಲಿ ಬೆವರು ಆರಲೆಂದು ಸುಮ್ಮನೆ ಕೂರುತ್ತಿದ್ದೆ. ಒಂದು ದಿನ ಚೀಲದಲ್ಲಿ ಪುಸ್ತಕ ಇತ್ತು, ತೆಗೆದೆ. ಕಾಲು ಸೋತಿತ್ತು, ಎಲ್ಲಿಗೂ ಹೋಗಬೇಕೆನಿಸಲಿಲ್ಲ. ತುಟಿ ಅಲ್ಲಾಡಿದರೆ ಅಲ್ಲಾಡಲಿ, ಕೇಳುವವರು ಯಾರು? ಇದೂ ಎಂಟು ನಿಮಿಷದ ಕಿಲೋಮೀಟರು ಎಂದುಕೊಂಡು ಓದಿದೆ. ಬೆವರು ಆರುವಷ್ಟರಲ್ಲಿ ಒಂಬತ್ತು ಪುಟ ಆಗಿತ್ತು.

ಅಂದಿನಿಂದ ಅದೇ ಕಟ್ಟಳೆ. ಡೈರಿಯ ಕಂಬಸಾಲನ್ನು ಹೊಡೆದುಹಾಕಿದೆ. ಬೆವರು ಆರುವವರೆಗೆ ಓದು, ಆರಿದ ಮೇಲೆ ಉಡುಪಿ ಹೋಟೆಲಿನ ಫಿಲ್ಟರ್ ಕಾಫಿ. ಮಳೆಗಾಲದಲ್ಲಿ ಓಡಲು ಹೊರಟರೆ ಕಾಲ್ಬೆರಳ ಸಂದಿಗೆ ವ್ಯಾಸಲಿನ್, ಪುಸ್ತಕಕ್ಕೆ ಪ್ಲಾಸ್ಟಿಕ್ ಚೀಲ, ಕೂರಲು ಯಾವುದಾದರೂ ಅಂಗಡಿಯ ಜಗಲಿ. ಅಕ್ಟೋಬರಿನ ಸೆಕೆಯಲ್ಲಿ ಹನ್ನೆರಡು ಪುಟದವರೆಗೂ ಹೋದೆ.

ಪುಸ್ತಕವೂ ನನ್ನದೇ ಊರಿನದು. 1979ರಲ್ಲಿ ಬಂದ ಕಾದಂಬರಿ. ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದ ಚಿತ್ತಾಲರು ಇಲ್ಲಿಯೇ ನೌಕರಿ ಮಾಡುತ್ತ, ಬಾಂದ್ರಾದ ಸಮುದ್ರದ ಬದಿ ವಾಸವಾಗಿದ್ದು ಬರೆದವರು. ಕಂಪನಿಯಿಂದ ಅಮಾನತುಗೊಂಡ ಕಥಾನಾಯಕ ನಾಗಪ್ಪನಿಗೆ ಸುತ್ತಲಿನ ಎಲ್ಲರ ಮೇಲೂ ಸಂಶಯ. ಅದು ನನಗೂ ಅಂಟಿತು. ನಮ್ಮ ಮೇಲಧಿಕಾರಿ ಬಾಗಿಲು ಮುಚ್ಚಿಕೊಂಡು ಫೋನಿನಲ್ಲಿ ಮಾತನಾಡಿದರೆ ನನ್ನ ಬಗ್ಗೆಯೇ ಇರಬೇಕು ಎಂದು ಒಂದು ವಾರ ಹೆದರಿದ್ದೆ. ಅವರು ಮಗಳ ಮದುವೆಯ ಹಾಲ್ ಗೊತ್ತುಮಾಡುತ್ತಿದ್ದರು.

ಜನವರಿಯ ಮುಂಬೈ ಮ್ಯಾರಥಾನ್‌ನಲ್ಲಿ ಅರ್ಧ ಮ್ಯಾರಥಾನಿಗೆ ಹೆಸರು ಕೊಟ್ಟಿದ್ದೆ, 21 ಕಿ.ಮೀ. ಚಿಲ್ಲರೆ. ಪೆಡ್ಡರ್ ರೋಡಿನ ಏರು ಕಾಲು ಸೋತ ಮೇಲೆಯೇ ಎದುರಾಗುತ್ತದೆ ಎಂದು ಎಲ್ಲರೂ ಹೆದರಿಸಿದ್ದರು. ಆದರೆ ಡಿಸೆಂಬರಿನಲ್ಲಿ ನನ್ನ ಚಿಂತೆ ಬೇರೆಯಿತ್ತು. ಕಾದಂಬರಿಯಲ್ಲಿ ಮೂವತ್ತು ಪುಟ ಉಳಿದಿತ್ತು. ಒಣ ಗಾಳಿ ಬೀಸತೊಡಗಿ, ಬೆವರು ಐದೇ ನಿಮಿಷದಲ್ಲಿ ಆರುತ್ತಿತ್ತು. ಎರಡು ಪುಟಕ್ಕೆ ಏಳಬೇಕು.

ಒಂದು ಬೆಳಿಗ್ಗೆ ಓಟ ಮುಗಿದ ಮೇಲೆ ಚೀಲದಿಂದ ಮಳೆಕೋಟು ತೆಗೆದು ಕುತ್ತಿಗೆಯವರೆಗೆ ಜಿಪ್ ಎಳೆದುಕೊಂಡು ಬೆಂಚಿನಲ್ಲಿ ಕುಳಿತೆ. ಒಳಗೆ ಬೆವರು ಧಾರಾಳವಾಗಿ ಇಳಿಯುತ್ತಿತ್ತು. ಮಾಸ್ತರು ಎದುರಿಗೆ ಬಂದು ನಿಂತರು.

“ಇದೇನು ಮಾರಾಯರೇ, ಅಷ್ಟೊಂದು ಚಳಿಯೇ?”

“ಹೌದು ಮಾಸ್ತರೇ, ಇವತ್ತು ಸ್ವಲ್ಪ ಜಾಸ್ತಿಯೇ ಇದೆ” ಎಂದು ಪುಟ ತಿರುವಿದೆ.