ಲಿಫ್ಟ್ ಮಾಡಿದ ಪಿಕಪ್‌ಗೆ ಎಷ್ಟು ದೊಡ್ಡ ಟಯರ್?

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆ ತೋಟಕ್ಕೆ ಇಳಿಯುವ ಮಣ್ಣಿನ ದಾರಿ ಒಂದು ಮಳೆಗಾಲ ಕಳೆದರೆ ಚರಂಡಿಯಂತಾಗುತ್ತದೆ. ಹಾಗಾಗಿ ಪಿಕಪ್‌ಗೆ ಎರಡಿಂಚು ಲಿಫ್ಟ್ (ಗಾಡಿಯನ್ನು ಎತ್ತರಿಸುವ ಕಿಟ್) ಹಾಕಿಸುವ ಯೋಚನೆ ಸಹಜವೇ. ಹಾಕಿಸಿದ ಮೇಲೆ ಮಡ್‌ಗಾರ್ಡ್ ಕೆಳಗಿನ ಖಾಲಿ ಜಾಗ ಕಣ್ಣಿಗೆ ಕುತ್ತುತ್ತದೆ. ಸಿಕ್ಕಿದ ದೊಡ್ಡ ಟಯರ್ ತುರುಕುವ ಮೊದಲು ಸ್ವಲ್ಪ ಲೆಕ್ಕ ಹಾಕಿ.

ಮೊದಲು ಈಗಿರುವ ಟಯರಿನ ಬದಿ ಓದಿ. 245/70 ಆರ್16 ಅಂತಿದ್ದರೆ ಅಗಲ 245 ಮಿ.ಮೀ., ಬದಿಯ ಎತ್ತರ ಅದರ ಶೇ. 70, ರಿಮ್ 16 ಇಂಚು. ಬದಿ 171.5 ಮಿ.ಮೀ. ಆಯಿತು, ಮೇಲೂ ಕೆಳಗೂ ಸೇರಿ 343. ರಿಮ್ಮಿನ 406 ಕೂಡಿಸಿದರೆ ಒಟ್ಟು ಎತ್ತರ ಸುಮಾರು 749. ಇದೇ ರಿಮ್ಮಿಗೆ 265/70 ಹಾಕಿದರೆ 777, ಅಂದರೆ ಶೇ. 3.7 ಜಾಸ್ತಿ. 265/75 ಆದರೆ 804, ಶೇ. 7ಕ್ಕೂ ಮೇಲೆ. ಆಗ ಮೀಟರ್ 60 ತೋರಿಸುವಾಗ ಗಾಡಿ 64ರಲ್ಲಿ ಓಡುತ್ತಿರುತ್ತದೆ. ಏರಿನಲ್ಲಿ ಎಳೆತ ಕುಗ್ಗುತ್ತದೆ, ಬ್ರೇಕಿಗೂ ಭಾರ. ನನ್ನ ಪ್ರಕಾರ ಶೇ. 3-4 ದಾಟುವುದು ಬೇಡ.

ಇನ್ನೊಂದು ವಿಷಯ. ಲಿಫ್ಟ್ ಎತ್ತುವುದು ಚಾಸಿಯನ್ನು. ಹಿಂದಿನ ಆಕ್ಸಲ್ ನಡುವೆ ನೆಲಕ್ಕೆ ಹತ್ತಿರವಿರುವ ಡಿಫರೆನ್ಶಿಯಲ್ ಗುಂಡು (ಎರಡು ಚಕ್ರಗಳಿಗೆ ಎಳೆತ ಹಂಚುವ ಗೇರುಗಳ ಗೂಡು) ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ಟಯರ್ ಮಾತ್ರ, ಅದೂ ಹೆಚ್ಚಾದ ಎತ್ತರದ ಅರ್ಧದಷ್ಟು. 28 ಮಿ.ಮೀ. ದೊಡ್ಡ ಟಯರ್ ಹಾಕಿದರೆ ಸಿಗುವುದು 14. ಇಷ್ಟಕ್ಕೆ ಖರ್ಚು ಬೇಕಾ ಅಂತ ನೀವೇ ನೋಡಿ.

ಜಾಗ ಸಾಲುತ್ತದಾ ಅಂತ ಗಾಡಿ ನಿಂತಿರುವಾಗ ನೋಡಿದರೆ ಗೊತ್ತಾಗುವುದಿಲ್ಲ. ಒಂದೇ ಒಂದು ಹೊಸ ಟಯರ್ ಮುಂದಕ್ಕೆ ಹಾಕಿಸಿ, ಆ ಚಕ್ರವನ್ನು ಅಡ್ಡ ಮಲಗಿಸಿದ ಕೆಂಪುಕಲ್ಲಿನ ಮೇಲೆ ನಿಧಾನವಾಗಿ ಹತ್ತಿಸಿ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ. ಬಂಪರಿನ ಮೂಲೆ, ಒಳಗಿನ ಪ್ಲಾಸ್ಟಿಕ್, ಚಾಸಿ ಮೂರನ್ನೂ ಟಾರ್ಚ್ ಹಿಡಿದು ನೋಡಿ. ಬೆರಳು ತೂರದಿದ್ದರೆ ಆ ಅಳತೆ ಬಿಟ್ಟುಬಿಡಿ.

ಮಡ್ ಟಯರ್ ನೋಡಲು ಗತ್ತು, ನಿಜ. ಆದರೆ ಒದ್ದೆ ಡಾಂಬರಿನ ಮೇಲೆ ಹಿಡಿತ ಕಡಿಮೆ, ಸದ್ದು ಬೇರೆ. ತೋಟದಿಂದ ಹೊರಟು ಚೆರ್ಕಳ-ಜಾಲ್ಸೂರು ರಸ್ತೆಯಲ್ಲೂ ಓಡುವ ಗಾಡಿಗೆ ಮಣ್ಣು, ಡಾಂಬರು ಎರಡಕ್ಕೂ ಆಗುವ ಆಲ್ ಟೆರೇನ್ ಟಯರ್ ಸಾಕು. ಗೊಬ್ಬರದ ಚೀಲ ಹೇರುವವರು ಲೋಡ್ ಇಂಡೆಕ್ಸ್ ಮರೆಯಬೇಡಿ: 105 ಅಂದರೆ ಒಂದು ಟಯರ್ ಹೊರುವುದು 925 ಕೆ.ಜಿ., 112 ಆದರೆ 1,120. ಹಳೆಯದಕ್ಕಿಂತ ಕಡಿಮೆ ಸಂಖ್ಯೆಯದ್ದು ಬೇಡವೇ ಬೇಡ.

ಕೇರಳದಲ್ಲಿ ಎಂವಿಡಿ (ಮೋಟಾರು ವಾಹನ ಇಲಾಖೆ) ಕಣ್ಣೂ ಇದೆ. ಕಂಪನಿಯ ಮೂಲ ವಿವರಣೆಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ್ದು ಕೇರಳದಿಂದಲೇ ಹೋದ ಕೇಸಿನಲ್ಲಿ. ಲಿಫ್ಟ್ ಕಿಟ್ಟಿಗೂ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಅದೇ ಮಾದರಿಯ ಬೇರೆ ವೇರಿಯೆಂಟಿಗೆ ಕಂಪನಿಯೇ ಕೊಡುವ ಅಳತೆ ಆರಿಸಿದರೆ ತಕರಾರು ಕಡಿಮೆ.

ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಬದಿಯ ನಾಲ್ಕಂಕಿ ಓದಿ: 2324 ಅಂದರೆ 2024ರ 23ನೇ ವಾರದಲ್ಲಿ ಮಾಡಿದ್ದು. ಸ್ಟೆಪ್ನಿಯೂ ಅದೇ ಅಳತೆಯದ್ದಿರಲಿ. ಫೋರ್‌ವೀಲ್ ಹಾಕಿ ಓಡಿಸುವಾಗ ಒಂದು ಚಕ್ರ ಚಿಕ್ಕದಿದ್ದರೆ ಗೇರುಗಳೇ ಒತ್ತಾಡಿ ಸವೆಯುತ್ತವೆ.