ಎಡೆಯ ಪಕ್ಕದಲ್ಲಿ ಒಂದು ಉಪ್ಪಿನ ಡಬ್ಬಿ

2023ರ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡರು. ಹನ್ನೊಂದನೆಯ ದಿನ ನೆಂಟರೊಬ್ಬರು ಅವ್ವನನ್ನು ನಗಿಸಲೆಂದು ಏನೋ ಚಟಾಕಿ ಹಾರಿಸಿದಾಗ ಅವಳು ಎದ್ದು ಒಳಗೆ ಹೋದಳು. ಊರಿನವರ ನಗೆ ಅವಳಿಗೆ ಬೇಕಿರಲಿಲ್ಲ.

ಅದೇ ವರ್ಷ ಅಕ್ಟೋಬರ್ 14ರಂದು ಮಹಾಲಯ ಅಮಾವಾಸ್ಯೆ. ಮಂಡ್ಯದ ಕಡೆ ಇದನ್ನು ಹಿರಿಯರ ಹಬ್ಬ ಎನ್ನುತ್ತೇವೆ. ತೀರಿಹೋದವರಿಗೆ ಇಷ್ಟವಾದುದನ್ನೆಲ್ಲ ಬಾಳೆ ಎಲೆಯಲ್ಲಿ ಬಡಿಸಿ ಎಡೆ ಇಡುತ್ತೇವೆ. ಸೀರೆ, ಪಂಚೆ, ವೀಳ್ಯದೆಲೆ, ಸೇದುವವರಿದ್ದರೆ ಬೀಡಿ ಕಟ್ಟೂ ಇರುತ್ತದೆ. ಎಡೆ ಇಡುವವರೆಗೆ ಅಡುಗೆಯ ರುಚಿ ನೋಡುವಂತಿಲ್ಲ.

ಅಪ್ಪನಿಗೆ ಒಂದು ಅಭ್ಯಾಸವಿತ್ತು. ತುತ್ತು ಬಾಯಿಗೆ ಹೋಗುವ ಮೊದಲೇ ‘ಉಪ್ಪು ಕಡಿಮೆ’ ಎನ್ನುತ್ತಿದ್ದರು. ನಲವತ್ತು ವರ್ಷ ಅವ್ವ ಅದನ್ನು ಕೇಳಿ ಸಿಡುಕಿದ್ದಳು. ಆ ದಿನ ತಮ್ಮ ಯಾರಿಗೂ ಹೇಳದೆ ಅಡುಗೆಮನೆಯ ಉಪ್ಪಿನ ಡಬ್ಬಿಯನ್ನು ತಂದು ಎಡೆಯ ಬಲಗಡೆ ಇಟ್ಟ. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ನಾವೆಲ್ಲ ಜಗಲಿಯಲ್ಲಿ ಕುಳಿತೆವು. ಯಾರಿಗೂ ಮಾತಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಮ್ಮ, ‘ಅವ್ವ, ಇನ್ನೂ ಕೂಗು ಕೇಳಿಸಲಿಲ್ಲ. ಡಬ್ಬಿ ಕೈಗೆ ಸಿಕ್ಕಿರಬೇಕು’ ಎಂದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಆಮೇಲೆ ಅತ್ತಳು, ಬಹಳ ಹೊತ್ತು. ಆರು ತಿಂಗಳಲ್ಲಿ ಅವಳು ಹಾಗೆ ಮನಸಾರೆ ಅತ್ತದ್ದೂ ಅದೇ ಮೊದಲು.

1997ರಲ್ಲಿ ಡ್ಯಾಕರ್ ಕೆಲ್ಟ್‌ನರ್ ಮತ್ತು ಜಾರ್ಜ್ ಬೊನಾನೊ ಎಂಬ ಅಮೆರಿಕದ ಮನೋವಿಜ್ಞಾನಿಗಳು ಸಂಗಾತಿಯನ್ನು ಕಳೆದುಕೊಂಡವರನ್ನು ಮಾತನಾಡಿಸಿ, ಅವರು ನಕ್ಕ ಬಗೆಯನ್ನು ಗಮನಿಸಿದ್ದರು. ಅಗಲಿದವರ ಮಾತು ಬಂದಾಗ ಕಣ್ಣಂಚು ಸುಕ್ಕುಗಟ್ಟುವಂತೆ ನಿಜವಾಗಿ ನಕ್ಕವರಲ್ಲಿ ಸಂಕಟ ಕಡಿಮೆಯಿತ್ತು ಎಂದು ಬರೆದಿದ್ದಾರೆ. ನಾನು ಅದನ್ನು ಓದಿದ್ದು ಈಚೆಗೆ. ಓದುವಾಗ ಜಗಲಿಯಲ್ಲಿ ಕುಳಿತಿದ್ದ ಅವ್ವನ ಕಣ್ಣೇ ಎದುರಿಗೆ ಬಂತು.

ವರ್ಷ ತುಂಬುವವರೆಗೆ ನಮ್ಮ ಮನೆಯಲ್ಲಿ ಹಬ್ಬ ಮಾಡುವುದಿಲ್ಲ. ಬೀದಿಯೆಲ್ಲ ದೀಪ, ನಮ್ಮ ಹೊಸ್ತಿಲು ಮಾತ್ರ ಕತ್ತಲೆ. ನನಗೆ ದೀಪಾವಳಿಯ ಮೂರು ದಿನವೇ ಎಲ್ಲಕ್ಕಿಂತ ಕಷ್ಟವಾಯಿತು. ಆಗ ಶುರು ಮಾಡಿದ್ದು ಇಷ್ಟೇ: ಬೆಳಿಗ್ಗೆ ಅವ್ವನಿಗೆ ಫೋನ್ ಮಾಡಿ, ‘ಈ ಹಬ್ಬದಲ್ಲಿ ಅಪ್ಪ ಏನು ರಗಳೆ ಮಾಡುತ್ತಿದ್ದರು?’ ಎಂದು ಕೇಳುವುದು. ನೀರು ತುಂಬುವ ಹಬ್ಬದ ದಿನ ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿಯಲು ಹೋಗಿ ಅಪ್ಪ ತಮ್ಮದೇ ಹೊಸ ಪಂಚೆಗೂ ಪಟ್ಟೆ ಬಳಿದುಕೊಂಡ ಕಥೆ ಹಾಗೆ ಹೊರಬಂತು. ಅದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.

ಅಪ್ಪನ ಕೊನೆಯ ಕಾಯಿಲೆಯನ್ನು ಮಾತ್ರ ನಾವು ನಗುವಿಗೆ ಎಳೆಯುವುದಿಲ್ಲ. ಅವ್ವ ‘ಇವತ್ತು ಬೇಡ ಮಗಳೇ’ ಎಂದರೆ ಅಲ್ಲಿಗೆ ಬಿಡುತ್ತೇನೆ. ಅಂಥ ದಿನಗಳು ಈಗಲೂ ಇವೆ. ಬೇರೆಯವರು ಕಳುಹಿಸುವ ವಾಟ್ಸ್ಆ್ಯಪ್ ನಗೆಹನಿಗಳಿಂದ ನಮಗೆ ಏನೂ ಉಪಯೋಗವಾಗಲಿಲ್ಲ. ಅವುಗಳಲ್ಲಿ ಅಪ್ಪ ಇರಲಿಲ್ಲ.

2024ರಲ್ಲಿ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನವೇ ಬಂತು. ಮಾಂಸದಂಗಡಿ ಮುಚ್ಚಿತ್ತು, ಮೊದಲೇ ತಂದಿಡಲು ನಮಗೆ ಹೊಳೆದಿರಲಿಲ್ಲ. ಅಪ್ಪನ ಎಲೆಗೆ ಬದನೆಕಾಯಿ ಪಲ್ಯ ಬಡಿಸುತ್ತಾ ಅವ್ವ ಫೋಟೊದ ಕಡೆ ತಿರುಗಿ, ‘ಮುಖ ಊದಿಸಬೇಡಿ, ಗಾಂಧೀಜಿಯನ್ನೇ ಕೇಳಿ, ಅಲ್ಲೇ ಸಿಗುತ್ತಾರಲ್ಲ’ ಎಂದಳು. ಆಮೇಲೆ ತಾನೇ ಹೋಗಿ ಉಪ್ಪಿನ ಡಬ್ಬಿ ತಂದಿಟ್ಟಳು.